ವಸತಿ ನಿಗಮದ ಹಣ: ಕಂತು ತಪ್ಪದಂತೆ ಮನೆ ಕಟ್ಟುವುದು ಹೇಗೆ

ಕರ್ನಾಟಕ ಸರ್ಕಾರದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲಿ ಶುರುವಾಯಿತು. ಅದು ಮನೆ ಕಟ್ಟಿಕೊಡುವುದಿಲ್ಲ. ಎಲ್ಲಿಗೆ ಎಷ್ಟು ಮನೆ ಎಂಬ ಗುರಿ ಹಂಚುತ್ತದೆ, ಹಣ ಬಿಡುತ್ತದೆ. ಫಲಾನುಭವಿಯ ಆಯ್ಕೆ ನಡೆಯುವುದು ಗ್ರಾಮಸಭೆಯಲ್ಲಿ. ಹಾಗಾಗಿ ಬೆಂಗಳೂರಿಗೆ ಅರ್ಜಿ ಹಿಡಿದು ಓಡಬೇಡಿ, ಸಭೆಗೆ ಹೋಗಿ ಹೆಸರು ನಡಾವಳಿಯಲ್ಲಿ ಬಂದಿದೆಯೇ ನೋಡಿ.

ನಿವೇಶನದ ಇ-ಸ್ವತ್ತು (ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ), ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಜೋಡಿಸಿಡಿ. ಮಂಜೂರಾತಿ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೆ. ದಾಖಲೆ, ಖಾತೆಗಳಲ್ಲಿ ಹೆಸರಿನ ಒಂದಕ್ಷರ ಬೇರೆಯಿದ್ದರೂ ಹಣ ವಾಪಸ್ ಹೋಗಬಹುದು.

ಕಾಮಗಾರಿ ಆದೇಶಕ್ಕೆ ಮುಂಚೆ ಪಾಯ ತೋಡಬೇಡಿ. ಖಾಲಿ ಜಾಗದ ಜಿಪಿಎಸ್ ಫೋಟೊ ಮೊದಲು ಆಗಬೇಕು. ಆಮೇಲೆ ತಳಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಅಡ್ಡತೊಲೆ), ಛಾವಣಿ, ಪೂರ್ಣ: ಪ್ರತಿ ಹಂತಕ್ಕೂ ಒಂದು ಫೋಟೊ, ಅದರ ಮೇಲೆ ಒಂದು ಕಂತು. ಫೋಟೊವನ್ನು ಅದೇ ಜಾಗದಿಂದ ತೆಗೆಯಬೇಕು. ಜಿಪಿಎಸ್ ಗುರುತು ಸರಿದರೆ ಬಿಲ್ ನಿಲ್ಲುತ್ತದೆ.

ಕೇಂದ್ರದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ನೆರವು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಈ ದುಡ್ಡಿಗೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಮನೆ ಮುಗಿಯುವುದು ಕಷ್ಟ. ದೊಡ್ಡ ನಕ್ಷೆ ಹಾಕಿದವರು ಸಿಕ್ಕಿಬೀಳುವುದು ಲಿಂಟಲ್‌ನಲ್ಲೇ. ಒಂದು ಕೋಣೆ, ಅಡುಗೆಮನೆ ಮುಗಿಸಿ. ಮೇಲೆ ಕಟ್ಟುವ ಆಸೆಯಿದ್ದರೆ ಕಾಲಂ ಕಂಬಿ ಬಿಟ್ಟುಕೊಳ್ಳಿ.