ಕಿಟಕಿ ಬೆಳಗದ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಳ್ಳುವುದು ಹೇಗೆ?

ನಮ್ಮ ಚಿಕ್ಕಪ್ಪ ಬಳ್ಳಾರಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ಬ್ರೋಷರಿನಲ್ಲಿ ಈಜುಕೊಳ, ಜಿಮ್, ಕ್ಲಬ್ ಹೌಸ್, ಎರಡು ಲಿಫ್ಟ್ ಎಲ್ಲಾ ಇತ್ತು. ಒಟ್ಟು 48 ಮನೆ. ಮಾರಾಟವಾಗಿದ್ದು 14. ಚೌಕಾಸಿ ಮಾಡಿ ಒಳ್ಳೆ ರೇಟಿಗೇ ಗಿಟ್ಟಿಸಿದರು ಅಂತ ಮನೆಯವರೆಲ್ಲ ಖುಷಿಪಟ್ಟೆವು. ಆರು ತಿಂಗಳಾಗುವಷ್ಟರಲ್ಲಿ ಡೀಸೆಲ್‌ಗೆ ದುಡ್ಡಿಲ್ಲ ಅಂತ ಜನರೇಟರ್ ನಿಂತಿತು. ಕರೆಂಟ್ ಹೋದರೆ ಲಿಫ್ಟ್ ಇಲ್ಲ. ಮೊಣಕಾಲು ನೋವಿನ ಚಿಕ್ಕಮ್ಮ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಬೇಕು. ಎರಡನೇ ಮಹಡಿಯ ತಿರುವಿನಲ್ಲಿ ಯಾರೋ ಪುಣ್ಯಾತ್ಮರು ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ. ಅದರಲ್ಲಿ ಐದು ನಿಮಿಷ ಕೂತು, ಸುಧಾರಿಸಿಕೊಂಡು, ಆಮೇಲೆ ಉಳಿದ ಎರಡು ಮಹಡಿ.

ಆ ಕುರ್ಚಿ ನೋಡಿದ ದಿನದಿಂದ ಫ್ಲ್ಯಾಟ್ ಕೊಳ್ಳುವವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೇನೆ. ಮನೆಯ ರೇಟ್ ಆಮೇಲೆ ಮಾತಾಡಿ. ಖಾಲಿ ಉಳಿದ ಮನೆಗಳ ಖರ್ಚು ಯಾರ ತಲೆಗೆ ಅನ್ನೋದನ್ನ ಮೊದಲು ಮಾತಾಡಿ.

ಮಾರುಕಟ್ಟೆ ತಣ್ಣಗಿರುವಾಗ ಕೊಳ್ಳುವುದು ತಪ್ಪಲ್ಲ. ಬಿಲ್ಡರ್ ಬಗ್ಗುತ್ತಾರೆ, ಆಯ್ಕೆಗೆ ಮನೆಗಳೂ ಜಾಸ್ತಿ ಇರುತ್ತವೆ. ಆದರೆ ಅರ್ಧ ಖಾಲಿ ಇರುವ ಐಷಾರಾಮಿ ಕಟ್ಟಡ ಕೊಳ್ಳುವ ರೀತಿಯೇ ಬೇರೆ.

ಹೆಜ್ಜೆ 1: ರಾತ್ರಿ ಎಂಟಕ್ಕೆ ಹೋಗಿ

ಸೇಲ್ಸ್ ಆಫೀಸಿನವರು ಭಾನುವಾರ ಬೆಳಿಗ್ಗೆ ಕರೆಯುತ್ತಾರೆ. ಸ್ಯಾಂಪಲ್ ಫ್ಲ್ಯಾಟ್‌ನಲ್ಲಿ ಎಸಿ ಹಾಕಿ ಕೂರಿಸುತ್ತಾರೆ. ಹೋಗಿ ಬನ್ನಿ, ಬೇಡ ಅನ್ನಲ್ಲ. ಆದರೆ ಒಂದು ವಾರದ ದಿನ ರಾತ್ರಿ ಎಂಟು ಗಂಟೆಗೆ ನೀವೇ ಹೋಗಿ ರಸ್ತೆಯ ಆಚೆ ಬದಿ ನಿಂತುಕೊಳ್ಳಿ. ಎಷ್ಟು ಕಿಟಕಿಯಲ್ಲಿ ದೀಪ ಇದೆ ಎಣಿಸಿ. ‘ಎಂಬತ್ತು ಪರ್ಸೆಂಟ್ ಬುಕ್ ಆಗಿದೆ ಸರ್’ ಅನ್ನುವ ಮಾತು ಅಲ್ಲೇ ಬಯಲಾಗುತ್ತದೆ. ಬುಕ್ ಆಗೋದು ಬೇರೆ, ರಿಜಿಸ್ಟರ್ ಆಗೋದು ಬೇರೆ, ಜನ ಬಂದು ಒಲೆ ಹಚ್ಚೋದು ಬೇರೆ.

ಆಮೇಲೆ ಕೆಳಗೆ ಮೀಟರ್ ಬೋರ್ಡ್ ಇರುವ ಕಡೆ ಹೋಗಿ. ಸಾಲಾಗಿ ಜೆಸ್ಕಾಂ ಮೀಟರ್‌ಗಳಿರುತ್ತವೆ. ರೀಡಿಂಗ್ ನೋಡುತ್ತಾ ಹೋಗಿ. ಜನ ಇರುವ ಮನೆಯದು ಸಾವಿರಗಟ್ಟಲೆ ಯೂನಿಟ್ ಓಡಿರುತ್ತದೆ. ಬೀಗ ಹಾಕಿದ ಮನೆಯದು ಎರಡಂಕಿ ದಾಟಿರುವುದಿಲ್ಲ. ಕೆಲವು ಕಡೆ ಮೀಟರೇ ಕೂರಿಸಿರುವುದಿಲ್ಲ, ವೈರ್ ಮಾತ್ರ ಇಣುಕುತ್ತಿರುತ್ತದೆ. ಇಷ್ಟು ಖಚಿತವಾದ ಲೆಕ್ಕ ನಿಮಗೆ ಇನ್ನೆಲ್ಲೂ ಸಿಗುವುದಿಲ್ಲ.

ವಾಚ್‌ಮನ್ ಜೊತೆ ಒಂದು ಚಹಾ ಕುಡಿಯಿರಿ. ನಾನು ಹೀಗೆ ಒಂದು ಕಡೆ ‘ಎಷ್ಟು ಮನಿಯಾಗ ಜನ ಅದಾರಣ್ಣ?’ ಅಂತ ಕೇಳಿದ್ದೆ. ‘ಹನ್ನೆರಡು ಮನಿ ಅದಾವ್ರಿ. ಉಳಿದದ್ದೆಲ್ಲ ಬೀಗ. ನಮಗ ಪಗಾರ ಆಗಿ ಎರಡು ತಿಂಗಳಾತ್ರಿ’ ಅಂದರು. ವಾಚ್‌ಮನ್ ಪಗಾರ ನಿಂತಿದೆ ಅಂದರೆ ಲಿಫ್ಟಿನ ಸರ್ವಿಸ್ ದುಡ್ಡೂ ನಿಂತಿರುತ್ತದೆ. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯಾ ಅಂತಲೂ ಅದೇ ದಿನ ಕೇಳಿಬಿಡಿ.

ಹೆಜ್ಜೆ 2: ಯಾಕೆ ಖಾಲಿ ಇದೆ, ತಿಳಿದುಕೊಳ್ಳಿ

ಮನೆ ಮಾರಾಟವಾಗದೆ ಉಳಿಯುವುದಕ್ಕೆ ಎರಡು ಥರದ ಕಾರಣ. ಒಂದು, ಊರಿನ ವ್ಯಾಪಾರ ಬಿದ್ದಿರುತ್ತದೆ. ಇನ್ನೊಂದು, ಆ ಕಟ್ಟಡದಲ್ಲೇ ಏನೋ ಐಬು ಇರುತ್ತದೆ.

ಮೊದಲನೆಯದು ನಮಗೆ ಹೊಸದಲ್ಲ. ಅದಿರಿನ ದುಡ್ಡು ಓಡಾಡುತ್ತಿದ್ದ ಕಾಲದಲ್ಲಿ ಬಳ್ಳಾರಿ, ಹೊಸಪೇಟೆಯಲ್ಲಿ ಸೈಟಿನ ರೇಟ್ ಹೇಗೆ ಏರಿತು ಅಂತ ಕಂಡವರು ಮರೆತಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು. ಲಾರಿ ಕಂತು ಕಟ್ಟುವವರು ಮನೆ ಬುಕಿಂಗ್ ಕೈಬಿಟ್ಟರು. ಆಮೇಲೆ ಗಣಿಗಳು ಹಂತಹಂತವಾಗಿ, ಮಿತಿಯ ಮೇಲೆ ಮತ್ತೆ ಶುರುವಾದವು. ನಮ್ಮ ಊರಲ್ಲಿ ಮನೆ ಬೇಡಿಕೆ ಅನ್ನೋದು ಅದಿರು, ತೋರಣಗಲ್ಲಿನ ಉಕ್ಕು, ಜೀನ್ಸ್, ಹತ್ತಿ, ಮೆಣಸಿನಕಾಯಿಯ ಜೊತೆ ಏಳುತ್ತದೆ, ಬೀಳುತ್ತದೆ. ಹಾಗೆ ಬಿದ್ದದ್ದು ಮತ್ತೆ ಏಳಬಹುದು.

ಇನ್ನೊಂದು ಮಾತೂ ಇದೆ. ಅಷ್ಟು ದುಡ್ಡು ಕೈಯಲ್ಲಿದ್ದರೆ ನಮ್ಮ ಜನ ಸ್ವಂತ ಸೈಟು, ಸ್ವಂತ ಬಾಗಿಲು, ಮುಂದೆ ರಂಗೋಲಿ ಹಾಕುವಷ್ಟು ಅಂಗಳ ನೋಡುತ್ತಾರೆ. ಬೆಂಗಳೂರಿನ ಲೆಕ್ಕ ಇಟ್ಟುಕೊಂಡು ಇಲ್ಲಿ ಐಷಾರಾಮಿ ಫ್ಲ್ಯಾಟ್ ಕಟ್ಟಿದವರು ಎಡವಿದ್ದು ಅಲ್ಲೇ ಅಂತ ನನ್ನ ಅನಿಸಿಕೆ.

ಎರಡನೇ ಕಾರಣಕ್ಕೆ ಕಾಗದ ನೋಡಬೇಕು.

ಹೆಜ್ಜೆ 3: ಕಾಗದ

500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆ ಇದ್ದರೆ ಪ್ರಾಜೆಕ್ಟ್ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ. ಎಷ್ಟು ಮನೆ ಬುಕ್ ಆಗಿದೆ, ಕೆಲಸ ಎಲ್ಲಿಗೆ ಬಂದಿದೆ ಅಂತ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಅಲ್ಲಿ ಹಾಕಬೇಕು. ನೀವು ಎಣಿಸಿದ ಕಿಟಕಿಗೂ ಅಲ್ಲಿನ ಲೆಕ್ಕಕ್ಕೂ ತಾಳೆ ನೋಡಿ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಜಾಗದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಮಾರಾಟ ಕುಂಟುತ್ತಿರುವ ಬಿಲ್ಡರ್ ಇಡೀ ಕಟ್ಟಡ ಅಡ ಇಟ್ಟು ಸಾಲ ತೆಗೆದಿರುವುದು ಸಾಮಾನ್ಯ. ಅದೇ ದೊಡ್ಡ ತಪ್ಪೇನಲ್ಲ. ಆದರೆ ನಿಮ್ಮ ಫ್ಲ್ಯಾಟ್ ನಂಬರ್ ಹಾಕಿ, ‘ಇದರ ಮೇಲೆ ನಮ್ಮ ಹಕ್ಕು ಬಿಟ್ಟಿದ್ದೇವೆ’ ಅಂತ ಸಾಲ ಕೊಟ್ಟ ಬ್ಯಾಂಕಿನಿಂದಲೇ ಪತ್ರ ಬರಬೇಕು. ಬಾಯಿಮಾತು ನಂಬಬೇಡಿ. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ, ಅದನ್ನೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಓಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ. ಓಸಿ ಬರುವ ಮೊದಲು ಕೊಂಡರೆ ಮನೆ ಬೆಲೆಯ ಮೇಲೆ 5% ಜಿಎಸ್‌ಟಿ. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಆದರೆ ಪೂರ್ತಿ ದುಡ್ಡೂ ಓಸಿ ಬಂದ ಮೇಲೆಯೇ ಕೊಟ್ಟಿರಬೇಕು. ‘ಓಸಿ ಇನ್ನೊಂದು ತಿಂಗಳಲ್ಲಿ ಬರುತ್ತೆ, ಈಗ ಒಂದು ಲಕ್ಷ ಅಡ್ವಾನ್ಸ್ ಕೊಟ್ಟುಬಿಡಿ’ ಅಂದರೆ ಕೈ ತಡೆಯಿರಿ. 80 ಲಕ್ಷದ ಮನೆಗೆ ಅದು 4 ಲಕ್ಷದ ಮಾತು.

ಹೆಜ್ಜೆ 4: ನಿಜವಾದ ರೇಟ್ ಎಷ್ಟು?

1,600 ಚದರಡಿ, 80 ಲಕ್ಷ, ಅಂದರೆ ಚದರಡಿಗೆ 5,000 ಅನ್ನುತ್ತಾರೆ. ಆ 1,600ರಲ್ಲಿ ಲಿಫ್ಟ್, ಮೆಟ್ಟಿಲು, ಲಾಬಿ ಎಲ್ಲಾ ಸೇರಿರುತ್ತದೆ. ನೀವು ಕಾಲಿಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 1,150 ಇದೆ ಅಂದುಕೊಳ್ಳಿ. ಆಗ ರೇಟ್ ಚದರಡಿಗೆ ಸುಮಾರು 6,950. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಹೇಳಲೇಬೇಕು. ಬೇರೆ ಫ್ಲ್ಯಾಟ್ ಜೊತೆ ಹೋಲಿಸುವಾಗ ಇದೇ ಲೆಕ್ಕ ಹಿಡಿಯಿರಿ.

ಇದರ ಮೇಲೆ ರಿಜಿಸ್ಟ್ರೇಷನ್. 45 ಲಕ್ಷ ದಾಟಿದ ಮನೆಗೆ ಸ್ಟ್ಯಾಂಪ್ ಡ್ಯೂಟಿ 5%. ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. 80 ಲಕ್ಷಕ್ಕೆ 6,08,000 ರೂಪಾಯಿ. ಬ್ಯಾಂಕಿನವರು ಇದನ್ನು ಮನೆ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವುದಿಲ್ಲ. 30ರಿಂದ 75 ಲಕ್ಷದ ಸಾಲಕ್ಕೆ ಬೆಲೆಯ 80%ವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ. ಅಂದರೆ 64 ಲಕ್ಷ. ಉಳಿದ 16 ಲಕ್ಷ, ಜೊತೆಗೆ ಆ 6 ಲಕ್ಷ ಚಿಲ್ಲರೆ ನಿಮ್ಮ ಕೈಯಿಂದ ಹೋಗಬೇಕು.

ಹೆಜ್ಜೆ 5: ಚೌಕಾಸಿ

ಮನೆ ಮುಗಿದು ಖಾಲಿ ಬಿದ್ದಷ್ಟೂ ಬಿಲ್ಡರಿಗೆ ಬಡ್ಡಿ ಏರುತ್ತಿರುತ್ತದೆ. ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕ ಆರ್ಥಿಕ ವರ್ಷ ಮುಗಿದು 2 ವರ್ಷ ಕಳೆದರೆ ಇನ್ನೊಂದು ಹೊರೆ ಬೀಳುತ್ತದೆ. ಮಾರಾಟವಾಗದ ಮನೆಗೆ ಬಾಡಿಗೆ ಬಂದಂತೆ ಲೆಕ್ಕ ಹಿಡಿದು ಅವರು ಆದಾಯ ತೆರಿಗೆ ಕಟ್ಟಬೇಕಾಗುತ್ತದೆ. ಸರ್ಟಿಫಿಕೇಟಿನ ತಾರೀಖು ನೋಡಿಕೊಂಡು ಮಾತಿಗೆ ಕೂತರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಆದರೆ ಸುಮ್ನೆ ಕೆಳಕ್ಕೆ ಎಳೆಯುತ್ತಾ ಹೋಗಬೇಡಿ. ರಿಜಿಸ್ಟ್ರೇಷನ್‌ಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನೀವು ಕೊಟ್ಟ ಬೆಲೆಗಿಂತ 10%ಕ್ಕೂ ಜಾಸ್ತಿ ಇದ್ದರೆ, ಆ ವ್ಯತ್ಯಾಸವನ್ನು ನಿಮ್ಮ ಆದಾಯ ಅಂತಲೇ ಹಿಡಿದು ತೆರಿಗೆ ಹಾಕುತ್ತಾರೆ. ಅಷ್ಟರ ಒಳಗೆ ನಿಂತು ಬೇರೆ ಏನಾದರೂ ಕೇಳಿ.

ಮಾಡ್ಯುಲರ್ ಕಿಚನ್ ಕೊಡುತ್ತೇವೆ, ಚಿನ್ನದ ನಾಣ್ಯ ಕೊಡುತ್ತೇವೆ ಅನ್ನುತ್ತಾರೆ. ಕಿಚನ್ ಬಡಗಿಯವರಿಂದ ನಾವೇ ಮಾಡಿಸಿಕೊಳ್ಳಬಹುದು ಅಲ್ವಾ? ಓಪನ್ ಪಾರ್ಕಿಂಗ್ ಫ್ರೀ ಅಂದರೆ ಅದು ಕೊಡುಗೆಯೇ ಅಲ್ಲ. ಅದು ಎಲ್ಲರಿಗೂ ಸೇರಿದ ಜಾಗ, ಮಾರಲು ಬರುವುದಿಲ್ಲ. ‘ಪೊಸೆಷನ್ ತನಕ ಇಎಂಐ ನಾವೇ ಕಟ್ಟುತ್ತೇವೆ’ ಅನ್ನುವ ಸ್ಕೀಮಿನಿಂದ ದೂರ ಇರಿ. ಬಿಲ್ಡರ್ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ, ಯಾಕಂದರೆ ಸಾಲ ನಿಮ್ಮ ಹೆಸರಲ್ಲಿ ಇರುತ್ತದೆ.

ನೀವು ಕೇಳಬೇಕಾದದ್ದು ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 6: ಖಾಲಿ ಮನೆಯ ಖರ್ಚು

ಚಿಕ್ಕಪ್ಪನ ಕಟ್ಟಡದ ಅಳತೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. 48 ಮನೆ, ಒಂದೊಂದೂ 1,600 ಚದರಡಿ. ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ 3 ರೂಪಾಯಿ. ಎಲ್ಲರೂ ಕಟ್ಟಿದರೆ 2,30,400 ರೂಪಾಯಿ. ವಾಚ್‌ಮನ್, ಕಸ ಗುಡಿಸುವವರು, ಲಿಫ್ಟ್, ಪಂಪು, ಡೀಸೆಲ್ ಎಲ್ಲದಕ್ಕೂ ಸಾಕು. 14 ಮನೆಯವರು ಮಾತ್ರ ಕಟ್ಟಿದರೆ 67,200. ವಾಚ್‌ಮನ್ 14 ಮನೆ ಕಾಯಲಿ, 48 ಮನೆ ಕಾಯಲಿ, ಪಗಾರ ಅಷ್ಟೇ. ಲಿಫ್ಟಿನ ಸರ್ವಿಸ್ ಚಾರ್ಜೂ ಅಷ್ಟೇ. ಕೊರತೆ ಬಿದ್ದ ದುಡ್ಡು ಎಲ್ಲಿಂದ ಬರಬೇಕು? ಇದ್ದವರ ಮೇಲೆ ಮೂರು ಪಟ್ಟಿಗೂ ಹೆಚ್ಚು ಹಾಕಬೇಕು, ಇಲ್ಲ ಜನರೇಟರ್ ನಿಲ್ಲಿಸಬೇಕು. ಈಜುಕೊಳದ ನೀರು ಹಸಿರಾಗುವುದೂ ಹೀಗೆಯೇ.

ಕಾನೂನು ಇಲ್ಲಿ ನಿಮ್ಮ ಕಡೆ ಇದೆ, ಆದರೆ ಅರ್ಧ ದಾರಿಯವರೆಗೆ. ರೇರಾ ಕಾಯ್ದೆ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮನೆ ಬುಕ್ ಆದ 3 ತಿಂಗಳೊಳಗೆ ಮಾಲೀಕರ ಸಂಘ ಆಗಬೇಕು. ಸಂಘ ಕಟ್ಟಡವನ್ನು ವಹಿಸಿಕೊಳ್ಳುವ ತನಕ ಅಗತ್ಯ ಸೇವೆಗಳನ್ನು ಬಿಲ್ಡರೇ ನೋಡಿಕೊಳ್ಳಬೇಕು, ಅದಕ್ಕೆ ನ್ಯಾಯವಾದ ಶುಲ್ಕ ತೆಗೆದುಕೊಳ್ಳಬಹುದು. ಕುಂಟುತ್ತಿರುವ ಕಟ್ಟಡದಲ್ಲಿ ಅರ್ಧ ಮನೆ ಬುಕ್ ಆಗುವುದೇ ಇಲ್ಲ. ಹಾಗಾಗಿ ಸಂಘವೂ ಆಗುವುದಿಲ್ಲ. ‘ನ್ಯಾಯವಾದ ಶುಲ್ಕ’ ಎಷ್ಟು ಅನ್ನುವ ಜಗಳ ಮಾತ್ರ ಉಳಿಯುತ್ತದೆ.

ಅದಕ್ಕೇ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ. ಭಾಷೆ ಸರಳವಾಗಿರಲಿ: ‘ಮಾರಾಟವಾಗದ ಪ್ರತಿ ಮನೆಗೂ, ಅದು ಮಾರಾಟವಾಗುವ ತನಕ, ಉಳಿದ ಮಾಲೀಕರು ಕೊಡುವ ದರದಲ್ಲೇ ಬಿಲ್ಡರ್ ಪ್ರತಿ ತಿಂಗಳು ಮೇಂಟೆನೆನ್ಸ್ ಕೊಡಬೇಕು. ಎರಡು ವರ್ಷ ಈ ದರ ಏರಿಸುವಂತಿಲ್ಲ.’ ಲಿಫ್ಟಿಗೆ ಜನರೇಟರ್ ಬ್ಯಾಕಪ್ ಇರಬೇಕು ಅಂತ ಬೇರೆ ಸಾಲಿನಲ್ಲಿ ಸೇರಿಸಿ. ವಕೀಲರಿಗೆ ತೋರಿಸಿ ಪಕ್ಕಾ ಮಾಡಿಸಿ. ಚದರಡಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಈ ಸಾಲು ಬರೆಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಚಿಕ್ಕಪ್ಪನ ಅಗ್ರಿಮೆಂಟಿನಲ್ಲಿ ಈ ಸಾಲು ಇರಲಿಲ್ಲ.

ಬಿಲ್ಡರ್ ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. ಅದೇ ಕಟ್ಟಡದಲ್ಲಿ 11 ತಿಂಗಳು ಬಾಡಿಗೆಗೆ ಇದ್ದು ನೋಡಿ. ಖಾಲಿ ಮನೆ ಇರುವವರು ಬಾಡಿಗೆ ಬೇಡ ಅನ್ನುವುದು ಕಡಿಮೆ.

ಹೆಜ್ಜೆ 7: ಬಿಸಿಲು, ನೀರು

ಮಾರಾಟವಾಗದೆ ಉಳಿದ ಮನೆಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಮುಖ ಮಾಡಿದವು, ಇಲ್ಲ ಕೊನೆಯ ಮಹಡಿಯವು. ಪೂರ್ವ ದಿಕ್ಕಿನವು ಮೊದಲೇ ಹೋಗಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಏಳಕ್ಕೆ ಹೋಗಿ ಪಶ್ಚಿಮದ ಬೆಡ್‌ರೂಮ್ ಗೋಡೆಗೆ ಒಳಗಿನಿಂದ ಅಂಗೈ ಇಡಿ. ರೊಟ್ಟಿ ಹಂಚು ಇಳಿಸಿದ ಮೇಲೆ ಉಳಿಯುವಂಥ ಬಿಸಿ ಇದ್ದರೆ ರಾತ್ರಿ ಹನ್ನೊಂದರ ತನಕ ಆ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ.

ನಮ್ಮ ಬಳ್ಳಾರಿಯ ನೀರು ತುಂಗಭದ್ರಾ ಕಾಲುವೆಯದು, ಅಲ್ಲಿಪುರ ಕೆರೆಯಲ್ಲಿ ತುಂಬಿಸಿ ಕೊಡುವುದು. ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಿಮಗೇ ಗೊತ್ತು. ಸಂಪ್ ಎಷ್ಟು ಲೀಟರಿನದು, ಬೋರ್ ಇದೆಯಾ, ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ ಅಂತ ಕೇಳಿ. ಖಾಲಿ ಫ್ಲ್ಯಾಟಿನ ನಲ್ಲಿ ತಿರುಗಿಸಿ ಎರಡು ನಿಮಿಷ ಬಿಡಿ. ಬಹಳ ದಿನ ಬಳಸದ ಪೈಪಿನಿಂದ ಮೊದಲು ಕೆಂಪು ನೀರು ಬರಬಹುದು. ಎರಡು ನಿಮಿಷ ಆದರೂ ಕೆಂಪಾಗಿಯೇ ಇದ್ದರೆ ಪ್ಲಂಬರ್ ಕರೆಸಿ. ಸಿಂಕಿನ ಕೆಳಗೆ, ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ತೇವ ನೋಡಿ.

ಹೆಜ್ಜೆ 8: ದುಡ್ಡು ಕೊಡುವಾಗ

ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಬೆಲೆಯ 10%ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್ ಹಿಡಿದು ನೀವೇ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಇದನ್ನು ಮರೆತು ಆಮೇಲೆ ದಂಡ ಕಟ್ಟಿದವರು ಬಹಳ ಜನ. ‘ಸ್ವಲ್ಪ ಕ್ಯಾಶ್ ಕೊಡಿ’ ಅಂದರೆ ಬೇಡವೇ ಬೇಡ.

ಕೀಲಿ ಕೈಗೆ ಬಂದ ದಿನ ಪೊಸೆಷನ್ ಪತ್ರದಲ್ಲಿ ತಾರೀಖು ಬರೆಸಿಕೊಳ್ಳಿ. ಪಿಲ್ಲರ್, ಸ್ಲ್ಯಾಬ್‌ನಂಥ ಕಟ್ಟಡದ ದೋಷ ಅಥವಾ ಕಳಪೆ ಕೆಲಸ ಅಲ್ಲಿಂದ 5 ವರ್ಷದೊಳಗೆ ಕಂಡರೆ, ನೀವು ತಿಳಿಸಿದ 30 ದಿನದಲ್ಲಿ ಬಿಲ್ಡರ್ ದುಡ್ಡು ತೆಗೆದುಕೊಳ್ಳದೆ ಸರಿಮಾಡಬೇಕು. ಜೆಸ್ಕಾಂ ಮೀಟರನ್ನು ಆ ವಾರವೇ ನಿಮ್ಮ ಹೆಸರಿಗೆ ಮಾಡಿಸಿ. ಮೊದಲ ತಿಂಗಳ ಮೇಂಟೆನೆನ್ಸ್ ಕಟ್ಟುವಾಗ ರಸೀದಿ ಜೊತೆ, ಖಾಲಿ ಮನೆಗಳ ಪಾಲು ಬಿಲ್ಡರ್ ಕಟ್ಟಿದ ರಸೀದಿಯನ್ನೂ ತೋರಿಸಿ ಅಂತ ಕೇಳಿ. ಎರಡನೇ ತಿಂಗಳೂ ಕೇಳಿ.