ಮೂರನೇ ವರ್ಷಕ್ಕೇ ಇಲಾಖೆ ಬದಲಿಸಿದೆ: ನನ್ನ ಅನುಭವ

ಒಂದು ಅಗ್ನಿಶಾಮಕ ಇಲಾಖೆ ಬಿಟ್ಟು ಇನ್ನೊಂದಕ್ಕೆ ಸೇರಿದವನು ನಾನು. ಕಳೆದ ತಿಂಗಳು ನನ್ನ ಎರಡನೇ ಪ್ರೊಬೇಷನ್ ಮುಗಿಯಿತು. ಮೊದಲನೆಯದು ಮುಗಿದು ಎರಡು ವರ್ಷ ತುಂಬುವ ಮೊದಲೇ ಎರಡನೆಯದಕ್ಕೆ ತಲೆ ಕೊಟ್ಟವನು ನಾನು. ಹಳೆಯ ಠಾಣೆಯಲ್ಲಿ ಇದನ್ನು ಹುಚ್ಚು ಎಂದವರೇ ಹೆಚ್ಚು. ‘ಹತ್ತು ವರ್ಷ ಇರು, ಲೀಡಿಂಗ್ ಫೈರ್‌ಮನ್ ಆಗು, ಆಮೇಲೆ ನೋಡು’ ಎಂದು ನಮ್ಮ ಪಾಳಿಯ ಹಿರಿಯರು ಪ್ರತಿ ಡ್ರಿಲ್ ಮುಗಿದ ಮೇಲೂ ಹೇಳುತ್ತಿದ್ದರು. ಈಗ ನಾನು ಹೊಸ ಇಲಾಖೆಯ ವಿಶೇಷ ರಕ್ಷಣಾ ತಂಡದ ಆಯ್ಕೆ ಪಟ್ಟಿಯಲ್ಲಿ ಎರಡನೆಯವನು. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಬಿಡಲು ಕಾರಣ ಜಗಳವಲ್ಲ, ಕರೆಗಳ ಸಂಖ್ಯೆ. ಕಟ್ಟಡದ ಒಳಗೆ ಬಿಎ ಸೆಟ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಉಪಕರಣ) ಹಾಕಿಕೊಂಡು ಹೋಗುವಂಥ ಬೆಂಕಿ ನಮಗೆ ವರ್ಷಕ್ಕೆ ನಾಲ್ಕೋ ಐದೋ ಸಿಗುತ್ತಿತ್ತು. ಮೂರು ಪಾಳಿಗೆ ಹಂಚಿದರೆ ನನ್ನ ಪಾಲಿಗೆ ಒಂದೂವರೆ. ಉಳಿದದ್ದೆಲ್ಲ ಹುಲ್ಲಿನ ಬೆಂಕಿ, ಸುಳ್ಳು ಅಲಾರಂ, ರಸ್ತೆಯ ಮೇಲೆ ಚೆಲ್ಲಿದ ಎಣ್ಣೆ. ಹತ್ತು ವರ್ಷ ಇದ್ದರೆ ಹದಿನೈದು ಬೆಂಕಿ ಕಂಡ ಹಿರಿಯನಾಗುತ್ತಿದ್ದೆ. ಆ ಲೆಕ್ಕವೇ ನನಗೆ ನಿದ್ದೆ ಕೆಡಿಸಿತು.

ಮೊದಲ ಪ್ರಯತ್ನ ಮಣ್ಣುಪಾಲಾಯಿತು. ಒಂದೂವರೆ ವರ್ಷದ ಸೇವೆಯಾದಾಗ ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ‘ಯಾಕೆ ಬಿಡುತ್ತಿದ್ದೀರಿ?’ ಎಂದು ಕೇಳಿದರು. ಸೋರುವ ಪಂಪಿನಿಂದ ಹಿಡಿದು ಹರಿದ ಗ್ಲೌಸಿನವರೆಗೆ ಕಾಲು ಗಂಟೆ ದೂರಿಕೊಂಡೆ. ಅವರು ನಗುತ್ತಲೇ ಬರೆದುಕೊಂಡರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ! ಆಮೇಲೆ ಪೂರ್ವಾಪರ ವಿಚಾರಿಸಲು ನಮ್ಮ ಠಾಣೆಗೇ ಫೋನ್ ಮಾಡಿದರು. ನಾನು ಹೊರಡುವ ಸುದ್ದಿ ನಮ್ಮ ಠಾಣಾಧಿಕಾರಿಗೆ ಗೊತ್ತಾದದ್ದು ಹೊರಗಿನವರ ಬಾಯಿಂದ. ಕೆಲಸವೂ ಸಿಗಲಿಲ್ಲ, ಠಾಣೆಯಲ್ಲಿ ಎರಡು ತಿಂಗಳು ಯಾರೂ ಮುಖ ಕೊಟ್ಟು ಮಾತನಾಡಲಿಲ್ಲ.

ಎರಡನೇ ಸಲ ಅರ್ಜಿಗೆ ಮೊದಲೇ ಠಾಣಾಧಿಕಾರಿಯ ಕೋಣೆಗೆ ಹೋಗಿ, ‘ಸರ್, ಮತ್ತೆ ಪ್ರಯತ್ನ ಮಾಡುತ್ತಿದ್ದೇನೆ, ನಿಮಗೆ ಮೊದಲು ಹೇಳಬೇಕೆನಿಸಿತು’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಹೋಗುವುದಾದರೆ ಫೇಲ್ ಆಗಿ ಬರಬೇಡಪ್ಪ, ನಮ್ಮ ಮಾನ ಹೋಗುತ್ತದೆ’ ಎಂದರು. ನಾನು ಫೇಲ್ ಆಗಿಯೇ ಬಂದೆ. ಸಂದರ್ಶನದಲ್ಲಲ್ಲ, ಮೆಟ್ಟಿಲಲ್ಲಿ.

ಉತ್ತರ ಅಮೆರಿಕದ ಅನೇಕ ಅಗ್ನಿಶಾಮಕ ಇಲಾಖೆಗಳಲ್ಲಿ ನೇಮಕಾತಿಗೆ ಸಿಪಿಎಟಿ ಎಂಬ ದೈಹಿಕ ಸಾಮರ್ಥ್ಯದ ಪರೀಕ್ಷೆ ಇದೆ: ಎಂಟು ಕಸರತ್ತು, 10 ನಿಮಿಷ 20 ಸೆಕೆಂಡು, ಮೈಮೇಲೆ ಸುಮಾರು 22.7 ಕಿಲೋ ತೂಕದ ವೆಸ್ಟ್, ಮೆಟ್ಟಿಲಿಗೆ ಹೆಗಲ ಮೇಲೆ ಇನ್ನೂ 11 ಕಿಲೋ ಚಿಲ್ಲರೆ. ನಾನು ಎದುರಿಸಿದ್ದು ಅದಲ್ಲ, ಅದರ ದಾಯಾದಿ. ನಾನು ವಾರಕ್ಕೆ ನಾಲ್ಕು ದಿನ ಓಡಿ, ಎದೆ ಸೆಟೆಸಿಕೊಂಡು ಹೋಗಿದ್ದೆ. ಓಟ ಬೇರೆ, ಭಾರ ಹೊತ್ತು ಹತ್ತುವುದು ಬೇರೆ. ಮೂರನೇ ನಿಮಿಷಕ್ಕೆ ತೊಡೆ ಕಲ್ಲಾಯಿತು, ಆಸರೆಗೆ ಕಂಬಿ ಹಿಡಿದೆ. ಎರಡನೇ ಸಲ ಹಿಡಿದಾಗ ಹೊರಗೆ ಕಳುಹಿಸಿದರು.

ಆಮೇಲೆ ಐದು ತಿಂಗಳು ಓಟವನ್ನು ಅರ್ಧಕ್ಕಿಳಿಸಿ, ಡ್ರಿಲ್ ಟವರಿನಲ್ಲಿ ಹಳೆಯ ಹೋಸನ್ನು (ನೀರು ಹಾಯಿಸುವ ಪೈಪು) ಹೊತ್ತು ಹತ್ತಿದೆ. ಇದರ ಜೊತೆಗೆ ಒಂದು ಪ್ರಯೋಗವೂ ನಡೆಯಿತು. ಬಿಎ ಸೆಟ್ಟಿನ 6.8 ಲೀಟರಿನ ಸಿಲಿಂಡರನ್ನು 300 ಬಾರ್ ಒತ್ತಡಕ್ಕೆ ತುಂಬಿಸಿದರೆ ಪುಸ್ತಕದ ಲೆಕ್ಕದಲ್ಲಿ ಎರಡು ಸಾವಿರ ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದರೆ 50 ನಿಮಿಷ. ಟವರ್ ಹತ್ತುತ್ತ ನಾನು ಅಳೆದಾಗ ಸುಮಾರು 22 ನಿಮಿಷಕ್ಕೆ, ಗಾಳಿ ಮುಗಿಯುತ್ತ ಬಂತೆಂದು ಎಚ್ಚರಿಸುವ ವಿಸಲ್ ಕೂಗಿತು. ನಮ್ಮ ಸೆಟ್ಟಿನಲ್ಲಿ ಅದು ಒತ್ತಡ 55 ಬಾರ್ ಆಸುಪಾಸಿಗೆ ಇಳಿದಾಗ ಕೂಗುತ್ತದೆ. ಅಂದರೆ ನಿಮಿಷಕ್ಕೆ 75 ಲೀಟರ್ ಎಳೆಯುತ್ತಿದ್ದೆ. ಮೂರು ತಿಂಗಳಾದ ಮೇಲೆ ಅದೇ ಕೆಲಸಕ್ಕೆ 28 ನಿಮಿಷ ಬಂತು. ಇದರಲ್ಲಿ ಅರ್ಧ ಕಾಲಿನ ಬಲ, ಇನ್ನರ್ಧ ಉಸಿರಾಟದ ಒಂದು ಉಪಾಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ತಿಂಗಳು ತಂಡದ ಅಂತಿಮ ಆಯ್ಕೆ ಇದೆ, ಪಟ್ಟಿಯಲ್ಲಿ ಇನ್ನೂ ಹನ್ನೊಂದು ಜನ ಇದ್ದಾರೆ.

ಮೂರನೇ ಪ್ರಯತ್ನದಲ್ಲಿ ಮೆಟ್ಟಿಲು ಹತ್ತಿ ಬಂದು ನಿಂತು ಮಾತನಾಡುವಷ್ಟು ಉಸಿರು ಉಳಿದಿತ್ತು. ‘ಯಾಕೆ ಬಿಡುತ್ತಿದ್ದೀರಿ?’ ಪ್ರಶ್ನೆ ಮತ್ತೆ ಬಂತು. ಈ ಸಲ ದೂರಲಿಲ್ಲ. ನಾನು ಹೋದ ಪ್ರತಿ ಕರೆಯನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೆ: ಯಾವ ಕೆಲಸ, ಎಷ್ಟು ಹೊತ್ತು, ನನ್ನ ತಪ್ಪು ಏನು. ಅದನ್ನು ಮೇಜಿನ ಮೇಲಿಟ್ಟು, ‘ಇಲ್ಲಿ ತಪ್ಪು ಮಾಡುವುದಕ್ಕೂ ಅವಕಾಶ ಕಡಿಮೆ’ ಎಂದೆ. ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಮೂರು ವಾರದಲ್ಲಿ ಆದೇಶ ಬಂತು.

ಈಗ ದುಡ್ಡು. ತಿಂಗಳ ಸಂಬಳದ ಲೆಕ್ಕದಲ್ಲಿ ಹೇಳುತ್ತೇನೆ, ನಿಮ್ಮ ಸಂಬಳಕ್ಕೆ ನೀವೇ ಗುಣಿಸಿಕೊಳ್ಳಿ. ತರಬೇತಿಯ ಬಾಂಡ್ ಐದು ವರ್ಷದ್ದು. ಉಳಿದ ಅವಧಿಗೆ ತುಂಬಿಕೊಟ್ಟದ್ದು ಸುಮಾರು ಮೂರು ತಿಂಗಳ ಸಂಬಳ. ಬಳಸದ ರಜೆಗೆ ಬರಬೇಕಿದ್ದ ಹಣ ರಾಜೀನಾಮೆ ಎಂಬ ಕಾರಣಕ್ಕೆ ಹೋಯಿತು, ಅದು ಒಂದು ತಿಂಗಳದ್ದು. ಹೊಸ ಕಡೆ ಶ್ರೇಣಿಯ ಬುಡದಿಂದ ಆರಂಭ, ಅಂದರೆ ವರ್ಷವಿಡೀ ಐದರಲ್ಲೊಂದು ಭಾಗ ಕಡಿಮೆ. ಹಳೆಯ ಕೊನೆಯ ಸಂಬಳಕ್ಕೂ ಹೊಸ ಮೊದಲ ಸಂಬಳಕ್ಕೂ ನಡುವೆ 47 ದಿನ ಖಾಲಿ. ಒಟ್ಟು ಹೆಚ್ಚು ಕಡಿಮೆ ಎಂಟು ತಿಂಗಳ ಸಂಬಳ ಕೈಬಿಟ್ಟಿತು. ಆರು ತಿಂಗಳದ್ದು ಕೂಡಿಟ್ಟಿದ್ದೆ, ಉಳಿದದ್ದು ಅಕ್ಕನ ಹತ್ತಿರ ಸಾಲ. ಆದರೆ ಇದೇ ಕೆಲಸ ಹತ್ತನೇ ವರ್ಷ ಮಾಡಿದ್ದರೆ? ಬಾಂಡ್ ಇರುತ್ತಿರಲಿಲ್ಲ, ನಿಜ. ಹತ್ತು ವರ್ಷದ ಜ್ಯೇಷ್ಠತೆ, ಏರಿದ ಸಂಬಳ ಎಲ್ಲ ಬಿಟ್ಟು ಅದೇ ಬುಡಕ್ಕೆ ಬಂದು ಕೂರಬೇಕಿತ್ತು. ನನ್ನ ಹಿರಿಯರು ಬಾಂಡನ್ನು ಮಾತ್ರ ಎಣಿಸುತ್ತಿದ್ದರು.

ಪಿಂಚಣಿ ವಿಚಾರದಲ್ಲಿ ಒಂದು ಮಾತು: ಯಾರು ಏನೇ ಹೇಳಲಿ, ಲಿಖಿತವಾಗಿ ಕೇಳಿ. ಹಳೆಯ ಸೇವೆ ಸೇರುತ್ತದೆ ಎಂದು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರು. ಪತ್ರ ಬರೆದು ಕೇಳಿದಾಗ ‘ಸೇರುವುದಿಲ್ಲ’ ಎಂಬ ಉತ್ತರ ಬಂತು. ಆ 47 ದಿನ ವಿಮೆಯೂ ಇರಲಿಲ್ಲ. ಅಪಘಾತ ವಿಮೆಯೊಂದನ್ನು ಸ್ವಂತ ದುಡ್ಡಿನಲ್ಲಿ ಮಾಡಿಸಿದೆ, ಅದು ದೊಡ್ಡ ಮೊತ್ತವೇನಲ್ಲ.

ಇಷ್ಟೆಲ್ಲ ದಾಟಿ ಬಂದ ಮೇಲೆ ನಿಜವಾಗಿ ಬೆವರಿಳಿಸಿದ್ದು ಕಲಿತದ್ದನ್ನು ಮರೆಯುವ ಕೆಲಸ. ಹಳೆಯ ಠಾಣೆಯಲ್ಲಿ ಹೋಸುಗಳನ್ನು ಜೋಡಿಸುವ ಕಪ್ಲಿಂಗ್ ಒತ್ತಿದರೆ ಕೂರುವಂಥದ್ದು, ಇಲ್ಲಿನದು ತಿರುಪಿನದು. ಕತ್ತಲಲ್ಲಿ ನನ್ನ ಕೈ ಒತ್ತುತ್ತಲೇ ಇತ್ತು, ಪಕ್ಕದವನು ತಿರುಗಿಸಿ ಮುಗಿಸಿ ಮುಂದೆ ಹೋಗಿರುತ್ತಿದ್ದ. ಪಂಪಿನ ಫಲಕ ಇನ್ನೂ ಕೆಟ್ಟದ್ದು. ನಾನು ಒತ್ತಡವನ್ನು ಬಾರ್ ಲೆಕ್ಕದಲ್ಲಿ ಓದಿ ಬೆಳೆದವನು, ಇಲ್ಲಿನ ಗೇಜ್ ಪಿಎಸ್‌ಐ ಎಂಬ ಇನ್ನೊಂದು ಅಳತೆಯದು. ನೂರು ಪಿಎಸ್‌ಐ ಎಂದರೆ ಸುಮಾರು 7 ಬಾರ್ ಎಂದು ಬಾಯಿಪಾಠ ಇತ್ತು. ಆದರೂ ಎರಡನೇ ವಾರದ ಡ್ರಿಲ್ಲಿನಲ್ಲಿ ತಲೆಯೊಳಗೆ ಏಳು ಎಂಬ ಅಂಕಿ ಕುಣಿದು, ಸೂಜಿಯನ್ನು 70ಕ್ಕೆ ನಿಲ್ಲಿಸಿಬಿಟ್ಟೆ. ಐದು ಬಾರ್ ಕೂಡ ಇಲ್ಲ! ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದವರ ಮುಂದೆ ನೀರು ಬಾಗಿ ಬಿತ್ತು. ನಿಜವಾದ ಬೆಂಕಿಯಾಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಅವತ್ತೇ ಕಾರ್ಡೊಂದರ ಮೇಲೆ ಐದು ಅಂಕಿ ಬರೆದು ಟ್ಯೂನಿಕ್ ಜೇಬಿನಲ್ಲಿಟ್ಟೆ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು.

ರೇಡಿಯೋದಲ್ಲೂ ಅದೇ ಪಾಡು. ಅಲ್ಲಿ ಸಂಕೇತ ಸಂಖ್ಯೆಗಳು, ಇಲ್ಲಿ ಸರಳ ಮಾತು. ಒತ್ತಡದಲ್ಲಿ ಬಾಯಿಗೆ ಬರುವುದು ಹಳೆಯ ಸಂಖ್ಯೆ. ದಿನಾ ಠಾಣೆಗೆ ನಡೆದು ಬರುವಾಗ ಕಂಡದ್ದನ್ನೆಲ್ಲ ಹೊಸ ರೀತಿಯಲ್ಲಿ ವರದಿ ಮಾಡಿಕೊಳ್ಳುತ್ತ ಬಂದೆ. ಜನ ತಿರುಗಿ ನೋಡಿದರು, ನೋಡಲಿ. ‘ನಮ್ಮ ಹಳೆಯ ಠಾಣೆಯಲ್ಲಿ ಹೀಗಿರಲಿಲ್ಲ’ ಎಂಬ ಮಾತಿಗೆ ದಂಡ ಇಟ್ಟುಕೊಂಡೆ. ಹೇಳಿದಾಗಲೆಲ್ಲ ಡಬ್ಬಿಗೊಂದು ನಾಣ್ಯ. ಮೊದಲ ತಿಂಗಳು ನಲವತ್ತರ ಹತ್ತಿರ ಬಿತ್ತು, ಎರಡನೇ ತಿಂಗಳು ಆರೋ ಏಳೋ. ನನಗಿಂತ ನಾಲ್ಕು ವರ್ಷ ಚಿಕ್ಕವನೊಬ್ಬ ಜ್ಯೇಷ್ಠತೆಯಲ್ಲಿ ನನಗಿಂತ ಮೇಲಿದ್ದ. ‘ಗಾಡಿ ತೊಳೆಯಿರಿ’ ಎಂದಾಗ ತೊಳೆದೆ. ಅದು ಕಷ್ಟವಾಗಲಿಲ್ಲ ಎಂದರೆ ಸುಳ್ಳು.

ಆರನೇ ತಿಂಗಳು ಹೊಗೆ ಕೋಣೆಯ ಹುಡುಕಾಟದ ಡ್ರಿಲ್ಲಿನಲ್ಲಿ ನಮ್ಮ ತಂಡದಲ್ಲೇ ಕಡಿಮೆ ಸಮಯ ನನ್ನದು. ಗಾಳಿಯೂ ಹೆಚ್ಚು ಉಳಿದಿತ್ತು. ಹದಿನಾಲ್ಕು ತಿಂಗಳಲ್ಲಿ ಕಟ್ಟಡದ ಒಳಗಿನ ಬೆಂಕಿ ಹತ್ತೊಂಬತ್ತು, ನೋಟ್‌ಪುಸ್ತಕದಲ್ಲಿದೆ. ಅಕ್ಕನ ಸಾಲದಲ್ಲಿ ಇನ್ನು ನಾಲ್ಕು ಕಂತು ಬಾಕಿ.

ಹಳೆಯ ಅಭ್ಯಾಸವೊಂದನ್ನು ಮಾತ್ರ ಬಿಡಲಿಲ್ಲ. ಮೆಟ್ಟಿಲು ಹತ್ತುವಾಗ ಹೋಸನ್ನು ಹೆಗಲ ಮೇಲೆ ಮಡಿಸಿಕೊಳ್ಳುವ ನಮ್ಮ ಹಳೆಯ ಠಾಣೆಯ ರೀತಿ ಇಲ್ಲಿನ ಪುಸ್ತಕದಲ್ಲಿ ಇಲ್ಲ. ತರಬೇತುದಾರರು ಎರಡು ಸಲ ಬಿಚ್ಚಿಸಿದರು, ಮೂರನೇ ಸಲ ಸಮಯ ನೋಡಿ ಸುಮ್ಮನಾದರು. ಈಗ ನಮ್ಮ ಪಾಳಿಯಲ್ಲಿ ಇನ್ನಿಬ್ಬರು ಹಾಗೇ ಮಡಿಸುತ್ತಾರೆ. ಗಾಡಿ ತೊಳೆಯಿರಿ ಎಂದಿದ್ದವನು ಅವರಲ್ಲೊಬ್ಬ.