ಗೂಡಿನೊಳಗೊಂದು ಬಿಸಿಲು: ಬಿಯರ್ಡೆಡ್ ಡ್ರ್ಯಾಗನ್‌ಗೆ ಶಾಖ, ಬೆಳಕು ಹೊಂದಿಸುವ ಕ್ರಮ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯಲ್ಲಿ ಬದುಕುವ ಹಲ್ಲಿ. ಓತಿಕ್ಯಾತ ಸೇರಿರುವ ಅಗಾಮಿಡೇ ಕುಟುಂಬದ್ದೇ ಇದು. ಬೆಳಗಾದೊಡನೆ ಬಂಡೆಯ ಮೇಲೋ ಒಣಮರದ ಕೊರಡಿನ ಮೇಲೋ ಮೈ ಚಪ್ಪಟೆ ಮಾಡಿಕೊಂಡು ಕುಳಿತು ಬಿಸಿಲು ಕಾಯಿಸುತ್ತದೆ, ಮೈ ಬಿಸಿಯೇರಿದ ಮೇಲೆ ಆಹಾರ ಹುಡುಕಿಕೊಂಡು ಹೊರಡುತ್ತದೆ, ನಡುಹಗಲಿನ ಉರಿಬಿಸಿಲಿನಲ್ಲಿ ಪೊದೆಯ ನೆರಳಿಗೋ ಬಿಲಕ್ಕೋ ಸರಿದುಹೋಗುತ್ತದೆ. ಒಳಗಿನಿಂದ ಮೈಶಾಖವನ್ನು ಕಾಯ್ದುಕೊಳ್ಳಲಾಗದ ಈ ಪ್ರಾಣಿ ತಿಂದದ್ದು ಜೀರ್ಣವಾಗಬೇಕಾದರೂ ರೋಗವನ್ನು ತಡೆದುಕೊಳ್ಳಬೇಕಾದರೂ ಹೀಗೆ ಬಿಸಿಲಿಗೂ ನೆರಳಿಗೂ ನಡುವೆ ಓಡಾಡುತ್ತಲೇ ಇರಬೇಕು. ಗೂಡಿನ ತುಂಬ ಒಂದೇ ಸಮನಾದ ಬೆಚ್ಚನೆಯ ಗಾಳಿ ತುಂಬಿದ್ದರೆ, ಬಿಸಿ ಸಾಕೆನಿಸಿದಾಗ ಎದ್ದುಹೋಗಲು ಅದಕ್ಕೆ ಜಾಗವೇ ಇರುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ನೆರಳು ಎಂಬ ಈ ಒಂದೇ ವ್ಯವಸ್ಥೆಗಾಗಿ ಇರುವುದು.

ಮೊದಲು ಗೂಡಿನ ಅಳತೆ

ಬೆಳೆದ ಒಂದು ಡ್ರ್ಯಾಗನ್‌ಗೆ ಕನಿಷ್ಠ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಮತ್ತು 60 ಸೆಂಟಿಮೀಟರ್ ಎತ್ತರದ ಗೂಡು ಬೇಕು. ಓಡಾಟಕ್ಕೆ ಜಾಗ ಬೇಕೆಂಬುದು ಒಂದು ಕಾರಣವಾದರೆ, ಶಾಖದ ಏರಿಳಿತ ಉಂಟಾಗಲು ಉದ್ದ ಬೇಕೆಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ. ಚಿಕ್ಕ ಗಾಜಿನ ತೊಟ್ಟಿಗೆ ಎಂಥ ಒಳ್ಳೆಯ ಬಲ್ಬು ಹಾಕಿದರೂ ಅರ್ಧ ಗಂಟೆಯಲ್ಲಿ ಎರಡೂ ತುದಿ ಬಿಸಿಯಾಗಿಬಿಡುತ್ತವೆ. ಅಲ್ಲಿ ಶಾಖವನ್ನು ಹತೋಟಿಯಲ್ಲಿಡುವ ಸಾಧನವಾದ ಥರ್ಮೋಸ್ಟಾಟ್ ಕೂಡ ಹೆಚ್ಚೇನೂ ಮಾಡಲಾರದು. ಅಳತೆ ಸರಿಯಿಲ್ಲದಿದ್ದರೆ ಉಳಿದ ಸಲಕರಣೆಗಳಿಗೆ ಖರ್ಚು ಮಾಡುವ ಮುನ್ನ ಗೂಡನ್ನೇ ಬದಲಿಸುವುದು ಒಳ್ಳೆಯದು.

ಶಾಖ ಮೇಲಿನಿಂದ ಬರಲಿ

ಗೂಡಿನ ಒಂದು ತುದಿಯನ್ನು ಬಿಸಿಲಿನ ತುದಿಯೆಂದು ಗೊತ್ತುಮಾಡಿಕೊಂಡು, ಅಲ್ಲಿ ಚಪ್ಪಟೆಯಾದ ಕಲ್ಲನ್ನೋ ಅಗಲವಾದ ಮರದ ತುಂಡನ್ನೋ ಅಲುಗಾಡದಂತೆ ಇಡಿ. ಸಾಕುವವರು ಬಾಸ್ಕಿಂಗ್ ಸ್ಪಾಟ್ ಎಂದು ಕರೆಯುವ ಜಾಗ ಇದೇ. ಇದರ ನೇರ ಮೇಲೆ ಬೆಳಕನ್ನು ಅಗಲವಾಗಿ ಚೆಲ್ಲುವ ಹ್ಯಾಲೋಜನ್ ಫ್ಲಡ್ ಬಲ್ಬನ್ನು ಅಳವಡಿಸಿ. ಹ್ಯಾಲೋಜನ್ ಬಲ್ಬಿನಿಂದ ಹೊಮ್ಮುವ ಹ್ರಸ್ವ ಅವಗೆಂಪು ಕಿರಣಗಳು ಸೂರ್ಯನ ಶಾಖದಂತೆಯೇ ಚರ್ಮದ ಒಳಕ್ಕೆ ಇಳಿದು ಮೈಯನ್ನು ಕಾಯಿಸುತ್ತವೆ. ಸೆರಾಮಿಕ್ ಹೀಟರಿನ ಶಾಖವಾದರೋ ಚರ್ಮದ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ಹಗಲಿನ ಶಾಖಕ್ಕೆ ಹ್ಯಾಲೋಜನ್ ಬಲ್ಬನ್ನೇ ಆಯ್ದುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿ.

ಬಲ್ಬಿನ ಬೆಳಕಿನ ವೃತ್ತವು ಪ್ರಾಣಿಯ ಕುತ್ತಿಗೆಯಿಂದ ಬಾಲದ ಬುಡದವರೆಗೆ ಇಡೀ ಮೈಯನ್ನು ಆವರಿಸುವಂತಿರಬೇಕು. ಕಿರಿದಾದ ಸ್ಪಾಟ್ ಬಲ್ಬು ಬೆನ್ನಿನ ಒಂದು ಭಾಗವನ್ನು ಮಾತ್ರ ಕಾಯಿಸುವುದರಿಂದ, ಉಳಿದ ಮೈ ಬಿಸಿಯಾಗಲೆಂದು ಪ್ರಾಣಿ ಕಾದು ಕುಳಿತಿರುವಾಗಲೇ ಆ ಭಾಗದ ಚರ್ಮ ಸುಟ್ಟುಹೋಗಬಹುದು. ದೊಡ್ಡ ಡ್ರ್ಯಾಗನ್ ಆದರೆ ಕಡಿಮೆ ವಾಟ್‌ನ ಎರಡು ಬಲ್ಬುಗಳನ್ನು ಅಕ್ಕಪಕ್ಕ ಹಾಕುವುದು ಹೆಚ್ಚು ಕ್ಷೇಮ. ಎಷ್ಟು ವಾಟ್ ಬೇಕೆಂಬುದು ಗೂಡಿನ ಎತ್ತರವನ್ನೂ ಕೋಣೆಯ ಉಷ್ಣತೆಯನ್ನೂ ಅವಲಂಬಿಸಿರುವುದರಿಂದ, ಅದನ್ನು ಅಳೆದೇ ತೀರ್ಮಾನಿಸಬೇಕು.

ಬಲ್ಬು ಗೂಡಿನ ಒಳಗಿದ್ದರೆ ಪ್ರಾಣಿಯ ಮೈ ತಾಗದಂತೆ ತಂತಿಯ ಪಂಜರ ಇರಲೇಬೇಕು, ಹೋಲ್ಡರ್ ಪಿಂಗಾಣಿಯದ್ದೇ ಆಗಿರಬೇಕು. ಪ್ಲಾಸ್ಟಿಕ್ ಹೋಲ್ಡರ್ ಈ ಶಾಖಕ್ಕೆ ಕರಗುತ್ತದೆ. ಒಳಗಿನಿಂದ ಬಿಸಿಯಾಗುವ ಕೃತಕ ಕಲ್ಲುಗಳನ್ನು ಮಾತ್ರ ದಯವಿಟ್ಟು ಬಳಸಬೇಡಿ. ಬಿಸಿ ಮೇಲಿನಿಂದ ಬರುವುದಕ್ಕೆ ಹೊಂದಿಕೊಂಡಿರುವ ಈ ಪ್ರಾಣಿ, ಹೊಟ್ಟೆಯಡಿಯ ಕಲ್ಲು ಸುಡುತ್ತಿದ್ದರೂ ಅನೇಕ ವೇಳೆ ಎದ್ದುಹೋಗದೆ ಅಲ್ಲೇ ಕುಳಿತು ಹೊಟ್ಟೆಯ ಚರ್ಮವನ್ನು ಸುಟ್ಟುಕೊಳ್ಳುತ್ತದೆ.

ಅಳೆಯುವುದು

ಬಾಸ್ಕಿಂಗ್ ಸ್ಪಾಟ್‌ನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪು ತುದಿಯ ಗಾಳಿ 22ರಿಂದ 26 ಡಿಗ್ರಿಯ ಆಸುಪಾಸಿನಲ್ಲಿರಲಿ. ಮೇಲ್ಮೈಯ ಶಾಖ ಮತ್ತು ಗಾಳಿಯ ಶಾಖ ಬೇರೆ ಬೇರೆಯಾದ್ದರಿಂದ ಅಳೆಯುವ ಸಾಧನಗಳೂ ಬೇರೆ: ಕಲ್ಲಿನ ಮೇಲ್ಮೈಗೆ ಇನ್‌ಫ್ರಾರೆಡ್ ಗನ್, ಗಾಳಿಗೆ ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್. ಗಾಜಿಗೆ ಅಂಟಿಸುವ ಗಡಿಯಾರದಂಥ ಮಾಪಕಗಳು ಹಲವು ಡಿಗ್ರಿ ತಪ್ಪು ತೋರಿಸುವುದುಂಟು. ಗಾಜಿನ ಶಾಖವನ್ನು ಓದಿಕೊಂಡು ಪ್ರಾಣಿಯ ಶಾಖವನ್ನು ನಿರ್ಧರಿಸಲಾಗದು.

ಹ್ಯಾಲೋಜನ್ ಬಲ್ಬಿಗೆ ಬೆಳಕನ್ನು ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇಕು. ಆರಿಸಿ ಹೊತ್ತಿಸುವ ಬಗೆಯದನ್ನು ಹಾಕಿದರೆ ಹಗಲೆಲ್ಲ ಬಲ್ಬು ಮಿಣುಕುತ್ತಲೇ ಇರುತ್ತದೆ, ಬೇಗ ಹಾಳೂ ಆಗುತ್ತದೆ. ಥರ್ಮೋಸ್ಟಾಟ್‌ನ ಸಂವೇದಕವನ್ನು ಪ್ರಾಣಿ ಎಳೆದಾಡದಂತೆ ಬಿಗಿದಿಡಿ, ಏಕೆಂದರೆ ಅದು ತಂಪು ಜಾಗಕ್ಕೆ ಜಾರಿದರೆ ಗೂಡು ತಣ್ಣಗಿದೆಯೆಂದು ಭಾವಿಸಿ ಥರ್ಮೋಸ್ಟಾಟ್ ಬಲ್ಬನ್ನು ಪೂರ್ಣ ಶಕ್ತಿಯಲ್ಲಿ ಉರಿಸುತ್ತದೆ.

ಯುವಿಬಿ: ಇಲ್ಲಿ ಉಳಿತಾಯ ಬೇಡ

ಶಾಖ ಕಡಿಮೆಯಾದರೆ ಪ್ರಾಣಿ ಮಂಕಾಗುವುದು ಕಣ್ಣಿಗೆ ಕಾಣುತ್ತದೆ. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಒಂದು ಬಗೆಯ ಅತಿನೇರಳೆ ಕಿರಣ, ಕಡಿಮೆಯಾದದ್ದು ತಿಂಗಳುಗಟ್ಟಲೆ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಮೂಳೆ ಬಾಗಿರುತ್ತದೆ. ಈ ಕಾರಣಕ್ಕೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಗಮನ ಬೇಡುವ ಭಾಗ ಇದೆಂದೇ ನನ್ನ ದೃಢವಾದ ಅಭಿಪ್ರಾಯ.

ಯುವಿಬಿ ಕಿರಣಗಳು ಚರ್ಮದಲ್ಲಿರುವ ಒಂದು ಬಗೆಯ ಕೊಲೆಸ್ಟರಾಲ್ ಸಂಯುಕ್ತವನ್ನು ವಿಟಮಿನ್ ಡಿ3ರ ಪೂರ್ವರೂಪವಾಗಿ ಮಾರ್ಪಡಿಸುತ್ತವೆ. ಆ ಪೂರ್ವರೂಪವು ಮೈಯ ಶಾಖದಿಂದ ಡಿ3 ಆಗುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಮತ್ತೆ ಬದಲಾದ ಮೇಲೆ ಅದು ಕರುಳಿಗೆ ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳುವ ಶಕ್ತಿ ಕೊಡುತ್ತದೆ. ಈ ಸರಪಣಿಯಲ್ಲಿ ಬೆಳಕೂ ಬೇಕು, ಶಾಖವೂ ಬೇಕು. ಬಲ್ಬು ಒಂದು ತುದಿಯಲ್ಲಿ, ಯುವಿಬಿ ಟ್ಯೂಬ್ ಇನ್ನೊಂದು ತುದಿಯಲ್ಲಿ ಎಂಬಂತೆ ಜೋಡಿಸಿದ ಗೂಡುಗಳನ್ನು ಕಂಡಾಗ ಬೇಸರವಾಗುವುದು ಇದಕ್ಕೇ: ಎರಡೂ ಇವೆ, ಆದರೆ ಒಟ್ಟಿಗೆ ದೊರೆಯುತ್ತಿಲ್ಲ. ಕ್ಯಾಲ್ಸಿಯಂ ಸಿಗದ ಮೈ ತನ್ನ ಮೂಳೆಯಿಂದಲೇ ಅದನ್ನು ತೆಗೆದುಕೊಳ್ಳತೊಡಗುತ್ತದೆ. ದವಡೆ ಮೆತ್ತಗಾಗುವುದು, ಬೆರಳು ಮತ್ತು ಕಾಲುಗಳು ನಡುಗುವುದು, ಮೈಯನ್ನು ನೆಲದಿಂದ ಎತ್ತಿ ನಡೆಯಲಾಗದಿರುವುದು ಇದರ ಗುರುತುಗಳು. ಇವುಗಳಲ್ಲಿ ಯಾವುದು ಕಂಡರೂ ದೀಪ ಬದಲಿಸಿ ಕಾಯುತ್ತ ಕೂರದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತಕ್ಷಣ ತೋರಿಸಬೇಕು.

ಆಯ್ಕೆ ಮಾಡಬೇಕಾದದ್ದು ಮರುಭೂಮಿಯ ಸರೀಸೃಪಗಳಿಗಾಗಿಯೇ ತಯಾರಿಸಿದ ಶೇ 10ರಿಂದ 12ರ (ಇದು ಯುವಿಬಿಯ ಪಾಲು) ಟಿ5 ಹೈ ಔಟ್‌ಪುಟ್ ಎಂಬ ತೆಳುವಾದ, ಪ್ರಖರವಾದ ಟ್ಯೂಬನ್ನು, ಹಿಂದೆ ಪ್ರತಿಫಲಕ ಇರುವ ಪಟ್ಟಿಯೊಂದಿಗೆ. ಅದರ ಉದ್ದ ಗೂಡಿನ ಅರ್ಧದಿಂದ ಮೂರನೇ ಎರಡು ಭಾಗದಷ್ಟಿದ್ದು, ಬಿಸಿಲಿನ ತುದಿಯಿಂದ ಆರಂಭವಾಗಿ ಹ್ಯಾಲೋಜನ್ ಬಲ್ಬಿನ ಪಕ್ಕದಲ್ಲೇ ಹಾಯಬೇಕು; ಆಚೆಯ ತುದಿಗೆ ಅದರ ಬೆಳಕು ತಲುಪದಿದ್ದರೆ ಅದೇ ನೆರಳು. ಸುರುಳಿಯಾಕಾರದ ಸಣ್ಣ ಯುವಿಬಿ ಬಲ್ಬುಗಳು ಕಿರಿದಾದ ಜಾಗಕ್ಕೆ ಮಾತ್ರ ಕಿರಣ ಚೆಲ್ಲುವುದರಿಂದ ಈ ಗಾತ್ರದ ಗೂಡಿಗೆ ಸಾಲವು.

ದೂರವನ್ನು ಅಳೆಯುವಾಗ ಟ್ಯೂಬಿನಿಂದ ಕಲ್ಲಿನವರೆಗಲ್ಲ, ಅದರ ಮೇಲೆ ಕುಳಿತ ಪ್ರಾಣಿಯ ಬೆನ್ನಿನವರೆಗೆ ಅಳೆಯಿರಿ. ಶೇ 12ರ ಟ್ಯೂಬಿಗೆ ನಡುವೆ ಜಾಲರಿಯಿಲ್ಲದಿದ್ದರೆ ಸುಮಾರು 35ರಿಂದ 40 ಸೆಂಟಿಮೀಟರ್, ಜಾಲರಿಯ ಮೂಲಕವಾದರೆ 25ರಿಂದ 30 ಸೆಂಟಿಮೀಟರ್ ಎಂದು ಆರಂಭಿಸಿ, ತಯಾರಕರು ಕೊಡುವ ದೂರದ ಪಟ್ಟಿಯೊಂದಿಗೆ ಹೋಲಿಸಿ. ಹೆಣಿಗೆ ಎಷ್ಟು ಒತ್ತಾಗಿದೆಯೋ ಅಷ್ಟು ಹೆಚ್ಚು ಯುವಿಬಿಯನ್ನು ಜಾಲರಿ ನುಂಗುತ್ತದೆ. ಸಾಮಾನ್ಯ ಗಾಜಾದರೆ ಬಹುತೇಕ ಎಲ್ಲವನ್ನೂ ತಡೆದುಬಿಡುತ್ತದೆ, ಹಾಗಾಗಿ ಗೂಡನ್ನು ಕಿಟಕಿಯ ಬಳಿ ಇಟ್ಟರೆ ಯುವಿಬಿ ದೊರೆಯುವುದಿಲ್ಲ. ಅಷ್ಟೇ ಅಲ್ಲ, ಗಾಜಿನ ಗೂಡಿಗೆ ನೇರ ಬಿಸಿಲು ಬಿದ್ದರೆ ಕೆಲವೇ ನಿಮಿಷಗಳಲ್ಲಿ ಒಳಗಿನ ಪ್ರಾಣಿ ಬೆಂದುಹೋಗುವ ಅಪಾಯವಿದೆ. ಯುವಿ ಸೂಚ್ಯಂಕ (ಅತಿನೇರಳೆ ಕಿರಣಗಳ ತೀವ್ರತೆಯ ಅಂಕ) ಅಳೆಯುವ ಮಾಪಕ ಎರವಲಾಗಿ ಸಿಕ್ಕರೂ ಸಾಕು: ಬಾಸ್ಕಿಂಗ್ ಸ್ಪಾಟ್‌ನಲ್ಲಿ, ಬೆನ್ನಿನ ಮಟ್ಟದಲ್ಲಿ 3ರಿಂದ 5 ತೋರಿಸಿದರೆ ಸರಿಯಾಗಿದೆ. ದೀಪ ಯಾವುದೇ ಇರಲಿ, ಪಕ್ಕದಿಂದ ಬೀಳದೆ ನೆತ್ತಿಯ ಮೇಲಿನಿಂದಲೇ ಬೀಳಬೇಕು. ಹುಬ್ಬಿನ ಏಣು ಕಣ್ಣಿಗೆ ನೆರಳು ಕೊಡುವುದು ಮೇಲಿನ ಬೆಳಕಿಗೆ ಮಾತ್ರ.

ಹಗಲು ಹಗಲಿನಂತೆ, ಇರುಳು ಇರುಳಿನಂತೆ

ಹ್ಯಾಲೋಜನ್ ಮತ್ತು ಯುವಿಬಿ ಎರಡೂ ಇದ್ದರೂ ದೊಡ್ಡ ಗೂಡು ಮಬ್ಬಾಗಿ ಕಾಣುವುದುಂಟು. ಸುಮಾರು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಪಟ್ಟಿಯೊಂದನ್ನು ಉದ್ದಕ್ಕೂ ಸೇರಿಸಿದರೆ ಪ್ರಾಣಿಯ ಚಟುವಟಿಕೆ ಹೆಚ್ಚುತ್ತದೆ. ಎಲ್ಲವನ್ನೂ ಟೈಮರ್‌ಗೆ ಜೋಡಿಸಿ, ಬೇಸಿಗೆಯಲ್ಲಿ 13-14 ಗಂಟೆ, ಚಳಿಗಾಲದಲ್ಲಿ 10-11 ಗಂಟೆ ಹಗಲು ಇರಲಿ.

ರಾತ್ರಿ ಪೂರ್ಣ ಕತ್ತಲೆ ಬೇಕು. ಕೆಂಪು ಅಥವಾ ನೀಲಿ ಬಲ್ಬು ಪ್ರಾಣಿಗೆ ಕಾಣಿಸುವುದಿಲ್ಲವೆಂಬ ನಂಬಿಕೆ ತಪ್ಪು. ಡ್ರ್ಯಾಗನ್‌ಗೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ, ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಮೂರನೆಯ ಕಣ್ಣೂ ಇದೆ. ಇರುಳಿನ ತಂಪು ಅದಕ್ಕೆ ಸಹಜವಾದದ್ದು. ಗೂಡು 18 ಡಿಗ್ರಿಗಿಂತ ಕೆಳಗಿಳಿಯುವಂತಿದ್ದರೆ ಮಾತ್ರ, ಬೆಳಕು ಸೂಸದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್‌ನೊಂದಿಗೆ ಬಳಸಿ.

ಪ್ರಾಣಿಯನ್ನು ಬಿಡುವ ಮುನ್ನ ಮತ್ತು ಬಿಟ್ಟ ಮೇಲೆ

ಖಾಲಿ ಗೂಡನ್ನು ಎರಡು ದಿನ ಹಾಗೆಯೇ ನಡೆಸಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಕಲ್ಲು ಹೆಚ್ಚು ಬಿಸಿಯಾಗಿದ್ದರೆ ಕೆಳಕ್ಕೆ ಇಳಿಸುವ ಬದಲು ಬಲ್ಬಿನ ಪ್ರಖರತೆಯನ್ನು ತಗ್ಗಿಸಿ, ಏಕೆಂದರೆ ಕಲ್ಲನ್ನು ಸರಿಸಿದರೆ ಯುವಿಬಿಯ ದೂರವೂ ಬದಲಾಗುತ್ತದೆ.

ಪ್ರಾಣಿ ಒಳಬಂದ ಮೇಲೆ ಅದರ ನಡವಳಿಕೆಯನ್ನು ಗಮನಿಸಿ. ಬೆಳಗ್ಗೆ ಮೈ ಕಪ್ಪಗೆ ಮಾಡಿಕೊಂಡು ಕಲ್ಲಿನ ಮೇಲೆ ಕೂರುವುದು, ಬಿಸಿಯೇರಿದಂತೆ ಬಣ್ಣ ತಿಳಿಯಾಗುವುದು, ಸ್ವಲ್ಪ ಹೊತ್ತು ಬಾಯಿ ತೆರೆದು ಕುಳಿತು ಆಮೇಲೆ ಇಳಿದುಹೋಗುವುದು, ಇವೆಲ್ಲ ಆರೋಗ್ಯದ ಲಕ್ಷಣಗಳು. ದಿನವಿಡೀ ತಂಪು ತುದಿಯಲ್ಲೇ ಅವಿತಿದ್ದರೆ ಗೂಡು ಅತಿಯಾಗಿ ಬಿಸಿಯಾಗಿರಬಹುದು. ಸಂಜೆಯವರೆಗೂ ಬಲ್ಬಿನ ಅಡಿಯಿಂದ ಏಳದಿದ್ದರೆ ಶಾಖ ಸಾಲುತ್ತಿಲ್ಲದಿರಬಹುದು. ಎರಡು ಸಂದರ್ಭದಲ್ಲೂ ಇನ್‌ಫ್ರಾರೆಡ್ ಗನ್ ಹಿಡಿದು ಮತ್ತೊಮ್ಮೆ ಅಳೆಯಿರಿ. ಯುವಿಬಿ ಟ್ಯೂಬ್ ಹೊತ್ತಿಸಿದ ದಿನಾಂಕವನ್ನು ಅದರ ಪಟ್ಟಿಯ ಮೇಲೆಯೇ ಬರೆದು, ಇನ್ನೂ ಪ್ರಕಾಶಮಾನವಾಗಿ ಉರಿಯುತ್ತಿದ್ದರೂ 12 ತಿಂಗಳಿಗೊಮ್ಮೆ ಬದಲಿಸಿ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಉಳಿದಿರುವಾಗಲೇ ಕಾಣದ ಯುವಿಬಿ ಕ್ಷೀಣಿಸಿರುತ್ತದೆ.